ಗೋಳಿನ ನಡುವೆ ನಗಿಸುವ ಕೊರಿಯನ್ನರು

ಕೊರಿಯನ್ ಸಾಹಿತ್ಯ ಅಂದ್ರೆ ಬರೀ ಗೋಳು ಅನ್ನುವವರು ತುಂಬಾ ಜನ ಇದ್ದಾರೆ. 2024ರಲ್ಲಿ ಹಾನ್ ಕಾಂಗ್ ಅವರಿಗೆ ನೊಬೆಲ್ ಬಂದ ಮೇಲೆ ಓದಲು ಶುರು ಮಾಡಿದ ನನ್ನ ಗೆಳೆಯರಲ್ಲಂತೂ ಈ ಮಾತು ಜಾಸ್ತಿ. ಈಚೆಗೆ ಇಂಗ್ಲಿಷಿಗೆ ಅನುವಾದವಾದ ಹಳೆಯ ಕೊರಿಯನ್ ಸಣ್ಣಕಥೆಗಳ ಸಂಕಲನವೊಂದನ್ನು ಓದಿದೆ. ಹೆಚ್ಚಿನವು 1920, 30ರ ದಶಕದವು. ದೇಶ ಜಪಾನಿನ ಕೈಯಲ್ಲಿದ್ದ ಕಾಲ. ಓದಿದ ಮೇಲೆ ಗೆಳೆಯರ ಮಾತು ನನಗೆ ಒಪ್ಪಿಗೆಯಾಗುತ್ತಿಲ್ಲ.

ಗೋಳು ಇಲ್ಲವೇ ಇಲ್ಲ ಅಂತಲ್ಲ. ಹ್ಯೊನ್ ಜಿನ್-ಗೊನ್ 1924ರಲ್ಲಿ ಬರೆದ ‘ಅದೃಷ್ಟದ ದಿನ’ ಇದೆಯಲ್ಲ, ಸಿಯೋಲಿನಲ್ಲಿ ರಿಕ್ಷಾ ಎಳೆಯುವವನ ಕಥೆ. ಅವತ್ತು ಅವನಿಗೆ ಬಾಡಿಗೆ ಮೇಲೆ ಬಾಡಿಗೆ. ಮನೆಯಲ್ಲಿ ಕಾಯಿಲೆ ಬಿದ್ದ ಹೆಂಡತಿ ಎಲುಬಿನ ಸಾರಿಗೆ ಆಸೆಪಟ್ಟಿದ್ದಾಳೆ. ಕೈತುಂಬ ದುಡ್ಡಿದ್ದರೂ ಮನೆಗೆ ಹೋಗಲು ಅವನಿಗೆ ಹೆದರಿಕೆ. ಹೆಂಡದಂಗಡಿಯಲ್ಲಿ ಕೂತುಬಿಡುತ್ತಾನೆ. ಕೊನೆ ಏನು ಅಂತ ಅರ್ಧಕ್ಕೇ ಗೊತ್ತಾಗುತ್ತದೆ, ಆದರೂ ಪುಸ್ತಕ ಕೆಳಗಿಡಲು ಆಗುವುದಿಲ್ಲ.

ಆದರೆ ನನಗೆ ತಲೆಗೆ ಹತ್ತಿದ್ದು ಕಿಮ್ ಯು-ಜಂಗ್. ಅವನ ‘ವಸಂತ, ವಸಂತ’ (1935) ಓದಿ. ಮಗಳನ್ನು ಕೊಡ್ತೀನಿ ಅನ್ನುವ ಮಾತು ನಂಬಿ ಹುಡುಗನೊಬ್ಬ ಅವರ ಮನೆಯಲ್ಲಿ ಮೂರು ವರ್ಷ ಏಳು ತಿಂಗಳು ಬಿಟ್ಟಿ ದುಡಿದಿದ್ದಾನೆ. ಮದುವೆ ಯಾವಾಗ ಅಂದರೆ ಮಾವನದು ಒಂದೇ ರಾಗ: ಅವಳು ಇನ್ನೂ ಉದ್ದ ಆಗಬೇಕು. ಹುಡುಗಿಯೋ ಬೆಳೆಯುವುದೇ ಇಲ್ಲ. ಅತ್ತೆಯೇ ಗಿಡ್ಡಿ, ಮಗಳು ಎಲ್ಲಿಂದ ಉದ್ದ ಆಗಬೇಕು! ಊರ ಮುಖ್ಯಸ್ಥನ ಹತ್ತಿರ ನ್ಯಾಯಕ್ಕೆ ಹೋದರೆ ಅಲ್ಲೂ ಮಾವನದೇ ಗೆಲುವು. ಮಾವ ಜಮೀನ್ದಾರನ ಪಾರುಪತ್ಯಗಾರ. ಗೇಣಿ ಗದ್ದೆ ಯಾರಿಗೆ ಕೊಡಬೇಕು, ಯಾರಿಂದ ಕಿತ್ತುಕೊಳ್ಳಬೇಕು ಅನ್ನುವುದು ಅವನ ಕೈಯಲ್ಲಿದೆ. ಇನ್ನು ಯಾರು ಬಾಯಿ ಬಿಡುತ್ತಾರೆ?

ಹುಡುಗಿಯೇ ಕಡೆಗೆ ಇವನನ್ನು ಎತ್ತಿಕಟ್ಟುತ್ತಾಳೆ. ಮಾವ ಅಳಿಯ ಒಬ್ಬರ ತೊಡೆಸಂದಿಗೆ ಇನ್ನೊಬ್ಬರು ಕೈ ಹಾಕಿ ಜಗ್ಗಾಡುತ್ತಾರೆ. ಮಾವ ಅಯ್ಯೋ ಅಂತ ಕಿರುಚಿಕೊಂಡಾಗ ಓಡಿ ಬಂದ ಅದೇ ಹುಡುಗಿ ಅಪ್ಪನ ಪರ ನಿಂತು ಇವನ ಕಿವಿ ಹಿಡಿದು ಎಳೆಯುತ್ತಾಳೆ. ಪಾಪ, ಹುಡುಗನಿಗೆ ತಲೆಬುಡ ಅರ್ಥವಾಗುವುದಿಲ್ಲ.

ನಕ್ಕು ಸುಸ್ತಾದ ಮೇಲೆ ಒಮ್ಮೆ ಲೆಕ್ಕ ಹಾಕಿ ನೋಡಿ. ಮಾವನಿಗೆ ಆರು ವರ್ಷದ ಇನ್ನೊಬ್ಬ ಮಗಳಿದ್ದಾಳೆ. ಅವಳ ಹೆಸರಿನಲ್ಲಿ ಇನ್ನೊಬ್ಬ ಆಳು ಸಿಗುವ ತನಕ ಇವನನ್ನು ಬಿಟ್ಟರೆ ಹೊಲ ಉಳುವವರು ಯಾರು? ಇದು ಜೀತ ಅಲ್ವಾ? ಆದರೆ ಕಿಮ್ ಎಲ್ಲೂ ಹಾಗೆ ಹೇಳುವುದಿಲ್ಲ. ಕಥೆ ಹೇಳುತ್ತಿರುವ ಹುಡುಗನಿಗೇ ಅದು ಪೂರ್ತಿ ಹೊಳೆದಿಲ್ಲ. ಬಡವರ ಬಗ್ಗೆ ಬರೆಯುವಾಗ ಮುಖ ಸಪ್ಪಗೆ ಮಾಡಿಕೊಳ್ಳಲೇಬೇಕು ಅಂದುಕೊಂಡವರು ಇದನ್ನು ಓದಬೇಕು.

ಕಿಮ್ ಕ್ಷಯದಿಂದ ತೀರಿಕೊಂಡದ್ದು 1937ರಲ್ಲಿ, 29ನೇ ವಯಸ್ಸಿಗೆ. ಸಾಯುವ ಕೆಲವೇ ದಿನ ಮೊದಲು ಗೆಳೆಯನಿಗೊಂದು ಪತ್ರ ಬರೆದ. ಯಾವುದಾದರೂ ಪತ್ತೇದಾರಿ ಕಾದಂಬರಿ ಕಳಿಸು, ಅನುವಾದ ಮಾಡಿ ದುಡ್ಡು ಮಾಡಿಕೊಳ್ಳುತ್ತೇನೆ, ಮೂವತ್ತು ಕೋಳಿ ಬೇಯಿಸಿ ತಿನ್ನಬೇಕು, ಹತ್ತಾರು ಹಾವನ್ನೂ ತಿನ್ನಬೇಕು ಅಂತ. ಹಾಸಿಗೆ ಹಿಡಿದವನ ಪತ್ರದಲ್ಲೂ ಅದೇ ಲೆಕ್ಕ ಹಾಕುವ ಹಳ್ಳಿಗನ ದನಿ! ದಕ್ಷಿಣ ಕೊರಿಯಾದ ಚುಂಚನ್ ನಗರದ ಬಳಿಯ ಅವನ ಊರಿನ ರೈಲು ನಿಲ್ದಾಣಕ್ಕೆ 2004ರಿಂದ ಅವನದೇ ಹೆಸರು.

ಕಿಮ್ ಹಾಗೆ 1937ರಲ್ಲೇ ತೀರಿಕೊಂಡ ಯಿ ಸಾಂಗ್‌ನ ‘ರೆಕ್ಕೆಗಳು’ ಕೂಡ ಸಂಕಲನದಲ್ಲಿದೆ. ಎಲ್ಲರೂ ತಲೆ ಮೇಲೆ ಹೊತ್ತುಕೊಳ್ಳುವ ಕಥೆ. ನನಗೆ ರುಚಿಸಲಿಲ್ಲ. ಹೆಂಡತಿಯ ದುಡ್ಡಿನಲ್ಲಿ ಬದುಕುತ್ತಾ ದಿನವಿಡೀ ಮಲಗಿರುವ ಆ ಗಂಡಸಿನ ಮೇಲೆ ಸಿಟ್ಟೇ ಬಂತು. ಇಷ್ಟಪಟ್ಟವರು ಜಗಳಕ್ಕೆ ಬನ್ನಿ, ನಾನು ತಯಾರಿದ್ದೇನೆ.