ಅಂಕಲ್, ಸ್ವಲ್ಪ ಆ ಕಡೆ ಹೋಗ್ತೀರಾ

ನಾನು ಸರಿದೆ. ಅದೇ ನುಂಗಲು ಆಗುತ್ತಿಲ್ಲ.

ಮುದ್ದೆ ಉಪ್ಸಾರಿನ ತಟ್ಟೆ ಎಡಗೈಯಲ್ಲಿ, ಎಂಜಲು ಬಲಗೈ ಮೇಲಕ್ಕೆ. ನನ್ನ ಮನೆಯ ನಡುಮನೆಯಲ್ಲಿ ನಾನೇ ಎದ್ದು ಗೋಡೆಗೆ ಅಂಟಿಕೊಂಡು ನಿಂತೆ. ಬಾಡಿಗೆ ಮನೆ, ಸರಿ. ನನ್ನ ಮನೆ ಅನ್ನಬಾರದು. ನಿನ್ನೆಯಿಂದ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ.

ಓನರ್ ಮಗ ಬೆಳಿಗ್ಗೆ ಫೋನ್ ಮಾಡಿದ್ದ. "ಅಂಕಲ್, ಪಾರ್ಟಿ ಬರ್ತಾರೆ, ಐದೇ ನಿಮಿಷ, ನೋಡ್ಕೊಂಡು ಹೋಗ್ತಾರೆ." ಭಾನುವಾರ ಮಧ್ಯಾಹ್ನ ಒಂದೂವರೆಗೆ ಬಂದರು. ಬೆಂಗಳೂರಿನ ಹುಡುಗ, ಹುಡುಗಿ, ಜೊತೆಗೆ ಒಬ್ಬ ಆರ್ಕಿಟೆಕ್ಟ್. ಚಪ್ಪಲಿ ಬಿಡಬೇಕಾ ಅಂತ ಕೇಳಿದರು. ಕೇಳಿದರು, ಸುಳ್ಳು ಹೇಳಲ್ಲ. "ಪರವಾಗಿಲ್ಲ ಬನ್ನಿ" ಅಂದವನು ನಾನೇ. ಯಾಕೆ ಹಾಗಂದೆನೋ. ನಮ್ಮಮ್ಮ ಕೊಬ್ಬರಿ ಎಣ್ಣೆ ಹಚ್ಚಿ, ಹಳೇ ಪಂಚೆ ತುಂಡಿನಲ್ಲಿ ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟ ಕೆಂಪು ನೆಲ ಅದು. ನಾನೇ ಅದರ ಮೇಲೆ ಬೂಟಿನಲ್ಲಿ ನಡೆದವನಲ್ಲ.

"ಓ ಮೈ ಗಾಡ್, ರೆಡ್ ಆಕ್ಸೈಡ್!" ಅಂದಳು ಹುಡುಗಿ. ಕೂತು ನೆಲ ಸವರಿದಳು. ನನಗೆ ಆಗ ಹೆಮ್ಮೆ ಆಯಿತು ಅಂದರೆ ನಂಬುತ್ತೀರಾ? ಎಣ್ಣೆ ಎಷ್ಟು, ವಾರಕ್ಕೆ ಎಷ್ಟು ಸಲ, ಎಲ್ಲಾ ಹೇಳಿಕೊಟ್ಟೆ. ಅವಳು ಫೋನಿನಲ್ಲಿ ಬರೆದುಕೊಂಡಳು. ನನ್ನನ್ನು ಖಾಲಿ ಮಾಡಿಸುವವರಿಗೆ ನೆಲ ಒರೆಸುವ ಟ್ರೈನಿಂಗ್ ನಾನೇ ಕೊಟ್ಟೆ.

ಆಮೇಲೆ ಆರ್ಕಿಟೆಕ್ಟು ಅಳತೆ ಮಿಷನ್ ತೆಗೆದ. ಟೇಪಲ್ಲ, ಕೆಂಪು ಲೈಟ್ ಬಿಡುವಂಥದ್ದು. ಆ ಚುಕ್ಕೆ ದೇವರ ಫೋಟೋ ಮೇಲೆ ಹೋಯಿತು, ಕ್ಯಾಲೆಂಡರ್ ಮೇಲೆ ಹೋಯಿತು, ಮೂಲೆಯಲ್ಲಿ ಕೂತಿದ್ದ ಅಮ್ಮನ ಹಣೆ ಮೇಲೆ ಒಂದು ಗಳಿಗೆ ನಿಂತಿತು. ಅಪ್ಪ ಹೋದ ಮೇಲೆ ಆ ಹಣೆ ಖಾಲಿ. ಅಮ್ಮನಿಗೆ ಗೊತ್ತಾಗಲಿಲ್ಲ. ನನ್ನ ಹೆಂಡತಿ ನೋಡಿ ಒಳಗೆ ಹೋದಳು.

ನಾನು ಮತ್ತೆ ತಟ್ಟೆ ಮುಂದೆ ಕೂತೆ. ಆಗ ಹುಡುಗ ಫೋನ್ ಎತ್ತಿ ಹಿಡಿದು, ತುಂಬಾ ಮರ್ಯಾದೆಯಿಂದ, ನಕ್ಕೊಂಡು, "ಅಂಕಲ್, ಸ್ವಲ್ಪ ಆ ಕಡೆ ಹೋಗ್ತೀರಾ? ಫ್ರೇಮಲ್ಲಿ ಬರ್ತಿದ್ದೀರಿ" ಅಂದ.

ಫ್ರೇಮಲ್ಲಿ ಬರ್ತಿದ್ದೀರಿ!

26 ವರ್ಷದಿಂದ ಇಲ್ಲೇ ಇದ್ದೀನಪ್ಪ, ಬಂದವನು ನೀನು ಅಂತ ಹೇಳಬಹುದಿತ್ತು. ಊಟ ಆಗಲಿ ಇರು ಅನ್ನಬಹುದಿತ್ತು. ಸುಮ್ನೆ ಕೂತಿದ್ದರೂ ಆಗುತ್ತಿತ್ತು. ರಾತ್ರಿಯೆಲ್ಲಾ ಮಲಗಿಕೊಂಡು ಒಂದು ಇಪ್ಪತ್ತು ಉತ್ತರ ಕೊಟ್ಟಿದ್ದೇನೆ, ಒಂದಕ್ಕಿಂತ ಒಂದು ಚೆನ್ನಾಗಿದೆ. ಆದರೆ ಆ ಹೊತ್ತಿಗೆ ನನ್ನ ಬಾಯಿಂದ ಬಂದದ್ದು "ಸಾರಿ ಸಾರಿ". ಎರಡು ಸಲ. ಸಾರಿ ಅಂದು ಗೋಡೆ ಕಡೆ ಹೋದೆ. ಅಲ್ಲೂ ಫ್ರೇಮಲ್ಲಿ ಬರುತ್ತಿದ್ದೆನಂತೆ, ಇನ್ನೂ ಸ್ವಲ್ಪ ಸರಿದೆ. ಕೊನೆಗೆ ಬಚ್ಚಲುಮನೆ ಬಾಗಿಲಲ್ಲಿ ನಿಂತಿದ್ದೆ. ಮುದ್ದೆ ಆರಿ ಕಲ್ಲಾಯಿತು. ಹುಡುಗಿ ತಟ್ಟೆ ನೋಡಿ, "ನಮ್ಮ ಮೆನುವಿನಲ್ಲೂ ರಾಗಿ ಇರುತ್ತೆ ಅಂಕಲ್, ಮಿಲೆಟ್ ಬೌಲ್" ಅಂದಳು. ಪಾಪ, ಸಮಾಧಾನಕ್ಕೆ ಹೇಳಿರಬೇಕು.

ಹೋಗುವಾಗ ಕಾಫಿ ಕೂಡ ಕೊಟ್ಟೆವು. ಹಾಂ, ಕೊಟ್ಟೆವು. ಚೆನ್ನಾಗಿದೆ ಅಂದರು.

ಕೆಫೆ ಮಾಡುತ್ತಾರಂತೆ, ಹಿಂದುಗಡೆ ಎರಡು ರೂಮು ಯೋಗ ಕಲಿಯಲು ಬರುವವರಿಗೆ. ಮೈಸೂರಿನ ಗೋಕುಲಂ ಬಡಾವಣೆ ಯೋಗದವರಿಂದ ತುಂಬಿ ಈಗ ಪಕ್ಕದ ನಮ್ಮ ಒಂಟಿಕೊಪ್ಪಲಿಗೆ ಉಕ್ಕುತ್ತಿದೆ. ನಾನು ಕೊಡುತ್ತಿರುವುದು ಒಂಬತ್ತು ಸಾವಿರ. ಅವರು ನಲವತ್ತೈದು ಕೊಡುತ್ತಾರೆ. ಓನರ್ ಮಗನ ಜಾಗದಲ್ಲಿ ನಾನಿದ್ದರೂ ನಲವತ್ತೈದೇ ತೆಗೆದುಕೊಳ್ಳುತ್ತಿದ್ದೆ. ಇಲ್ಲ, ತೆಗೆದುಕೊಳ್ಳುತ್ತಿರಲಿಲ್ಲ. ಗೊತ್ತಿಲ್ಲ. ಅವನ ಮೇಲೆ ಸಿಟ್ಟು ಮಾಡೋಣ ಅಂದರೆ ಅದಕ್ಕೂ ಬಿಡಲ್ಲ, ಅಷ್ಟು ಒಳ್ಳೆಯ ಮಾತು. "ಆಷಾಢದಲ್ಲಿ ಯಾರು ಮನೆ ಬದಲಾಯಿಸ್ತಾರೆ ಅಂಕಲ್, ಶ್ರಾವಣ ಹುಟ್ಟಲಿ" ಅಂದ. ಒಂಟಿಕೊಪ್ಪಲ್ ಪಂಚಾಂಗ ನೋಡಿ ಮುಹೂರ್ತ ಇಟ್ಟು ಓಡಿಸುತ್ತಾರೆ ನಮ್ಮನ್ನು. ಎಂಥಾ ಸಂಸ್ಕಾರ!

ವಕೀಲರನ್ನು ಕೇಳಿದೆ. ಅಗ್ರಿಮೆಂಟ್ ನೋಡಿ ನಕ್ಕರು. 11 ತಿಂಗಳದ್ದು. ಹನ್ನೊಂದು ಹನ್ನೊಂದು ತಿಂಗಳಾಗಿ 26 ವರ್ಷ ಕಳೆದಿದ್ದೇನೆ, ಕಡೆಯ ಎರಡು ಸಲ ಅದನ್ನೂ ಬರೆಸಿಲ್ಲ. 1999ರ ಬಾಡಿಗೆ ಕಾಯ್ದೆ ಅಂತ ಒಂದಿದೆಯಲ್ಲ ಸಾರ್ ಅಂದೆ. ಬಾಡಿಗೆ 3,500 ರೂಪಾಯಿ ದಾಟಿದರೆ ಅದು ನಿಮ್ಮನ್ನು ಕಾಯಲ್ಲ ಅಂದರು. ಮೈಸೂರಿನಲ್ಲಿ 3,500ಕ್ಕೆ ಈಗ ಸ್ಕೂಟರ್ ನಿಲ್ಲಿಸಲು ಜಾಗ ಕೊಟ್ಟರೆ ಪುಣ್ಯ. ತಿಂಗಳ ಬಾಡಿಗೆದಾರನಿಗೆ 15 ದಿನದ ನೋಟಿಸ್ ಸಾಕಂತೆ. ಆ ಲೆಕ್ಕದಲ್ಲಿ ಓನರ್ ಮಗ ನನಗೆ ಉಪಕಾರವನ್ನೇ ಮಾಡಿದ್ದಾನೆ. ವಕೀಲರೂ ಹಾಗೇ ಅಂದರು. ಐನೂರು ಕೊಟ್ಟು ಬಂದೆ.

ಬೆಂಗಳೂರು ರಸ್ತೆಯನ್ನು ಬೈಯೋಣ ಅಂದರೆ ಅದಕ್ಕೂ ಮುಖವಿಲ್ಲ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಾಗ ಅಂಗಡಿಯಲ್ಲಿ ಎಲ್ಲರಿಗೂ ಮೈಸೂರು ಪಾಕ್ ಹಂಚಿದವನು ನಾನು. ಮಗಳು ಬೆಂಗಳೂರಿನಲ್ಲಿದ್ದಾಳೆ, ಇನ್ನು ಒಂದೂವರೆ ಗಂಟೆ ಅಂತ ಕುಣಿದಾಡಿದೆ. ಮದ್ದೂರಿನವರು ಬೈಪಾಸ್‌ನಿಂದ ವ್ಯಾಪಾರ ಹೋಯಿತು ಅಂತ ಗೋಳಾಡಿದರು. ನಾನು ವಡೆ ತಿನ್ನಲು ಕೂಡ ಇಳಿಯಲಿಲ್ಲ, ಭರ್ ಅಂತ ಹೋದೆ. ನಾನು ಅಷ್ಟು ಬೇಗ ಅಲ್ಲಿಗೆ ಹೋಗುವುದಾದರೆ ಅವರೂ ಅಷ್ಟೇ ಬೇಗ ಇಲ್ಲಿಗೆ ಬರುತ್ತಾರೆ ಅನ್ನುವಷ್ಟು ಲೆಕ್ಕ ನನಗೆ ಹೊಳೆಯಲಿಲ್ಲ. ಸಂತೆಪೇಟೆ ಅಂಗಡಿಯಲ್ಲಿ ನನ್ನ ಕೆಲಸ ಏನು ಗೊತ್ತಾ? ಲೆಕ್ಕ ಬರೆಯುವುದು.

ಮಗಳಿಗೆ ರಾತ್ರಿ ಫೋನ್ ಮಾಡಿ ಕಿರುಚಾಡಿದೆ. ಅವಳು ಕೇಳಿಸಿಕೊಂಡು ಕೊನೆಗೆ, "ಅಪ್ಪಾ, ನಾನಿರೋ ಪಿ.ಜಿ. ಕೂಡ ಮೊದಲು ಯಾರದೋ ವಠಾರ ಆಗಿತ್ತು" ಅಂದಳು. ಫೋನ್ ಇಟ್ಟೆ. ಆ ಮಾತಿಗೂ ಉತ್ತರ ರಾತ್ರಿ ಎರಡಕ್ಕೆ ಹೊಳೆಯಿತು. ಅದೂ ಅಷ್ಟೇನೂ ಚೆನ್ನಾಗಿರಲಿಲ್ಲ.

ಅಂಗಡಿಯ ಪಕ್ಕದವರೊಬ್ಬರು ಇನ್ನೂ ಒಂದು ಬಾಂಬ್ ಹಾಕಿದರು. ಪ್ಲೇಗ್ ಬಂದು ಹೋದ ಮೇಲೆ, 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿದರಲ್ಲ, ದೇಶದಲ್ಲೇ ಮೊದಮೊದಲಿನವುಗಳಲ್ಲಿ ಒಂದು ಅಂತ ನಾವೆಲ್ಲ ಎದೆ ತಟ್ಟಿಕೊಳ್ಳುತ್ತೇವಲ್ಲ, ಅವರು ಇಕ್ಕಟ್ಟು ಓಣಿಗಳನ್ನು ಬಿಡಿಸಿ, ಜನರನ್ನು ಎಬ್ಬಿಸಿ, ಅಗಲ ರಸ್ತೆಯ ಬಡಾವಣೆ ಮಾಡಿದರು. "ನಿಮ್ಮ ಏರಿಯಾನೂ ಹಂಗೇ ಬೆಳೆದದ್ದು ಸಾರ್, ಊರು ಅಂದ್ರೆ ಹಂಗೇ" ಅಂದರು. ಇರಬಹುದು. ಆದರೆ ಆಗ ಎಬ್ಬಿಸಿಕೊಂಡವರಿಗೆ ಹೋಗಲು ಸೈಟಾದರೂ ಮಾಡಿದರು ಸ್ವಾಮಿ. ನಾನು ಸೈಟಿಗೆ ಅರ್ಜಿ ಹಾಕಿದಾಗ ಮಗಳು ಮೂರನೇ ಕ್ಲಾಸು. ರಸೀದಿ ಈಗಲೂ ಇದೆ, ಲ್ಯಾಮಿನೇಟ್ ಮಾಡಿಸಿದ್ದೇನೆ. ನನಗೆ ಸೈಟ್ ಸಿಕ್ಕಿದ್ದರೂ ಅದು ಯಾವನೋ ರೈತನ ಹೊಲವೇ ಆಗಿರುತ್ತಿತ್ತು, ಗೊತ್ತು. ಅದನ್ನೂ ನೀವು ಹೇಳಬೇಕಾಗಿಲ್ಲ.

ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದಾಗಿನಿಂದ ಕೇಳುತ್ತಿದ್ದೇನೆ, ಕೆಡವಬೇಕು, ಉಳಿಸಬೇಕು, ಪಾರಂಪರಿಕ ಕಟ್ಟಡ. ಕೋರ್ಟಿಗೂ ಹೋಯಿತು. ಗಾರೆ, ಸುಣ್ಣ, ಕಮಾನಿನ ಬಗ್ಗೆ ಮಾತಾಡಲು ತಜ್ಞರಿದ್ದಾರೆ, ಮಾತಾಡಲಿ, ಬೇಡ ಅನ್ನಲ್ಲ. ನಮ್ಮ ಮನೆಯ ನೆಲವನ್ನೂ ಆ ಹುಡುಗ ಹುಡುಗಿ ಚೆನ್ನಾಗೇ ಉಳಿಸುತ್ತಾರೆ. ಒಂದು ಕಂಬ ಕೂಡ ಮುಟ್ಟಲ್ಲ ಅಂದಿದ್ದಾರೆ. ಜಗಲಿ ಹಾಗೇ ಇರುತ್ತಂತೆ. ಆ ಜಗಲಿ ಮೇಲೆ ಸಂಜೆ ಹೂ ಕಟ್ಟುತ್ತಾ ಕೂರುವ ನಮ್ಮಮ್ಮ ಎಲ್ಲಿ ಕೂರಬೇಕು? ಇದಕ್ಕೆ ಯಾರಾದರೂ ಉತ್ತರ ಕೊಡಿ. ಕಾರ್ಪೊರೇಟರ್ ಆಗಲಿ, ಎಂಜಿನಿಯರ್ ಆಗಲಿ, "ಮೈಸೂರು ಬೆಳೀಬೇಕು ಸಾರ್" ಅಂತ ಬರೆಯುವ ನೀವಾಗಲಿ. ಬೆಳೆಯಲಿ. ನನಗೂ ಊರು ಬೆಳೆಯಬೇಕು. ಅಮ್ಮ ಎಲ್ಲಿ ಕೂರಬೇಕು, ಅಷ್ಟು ಹೇಳಿ.

ಮನೆ ಹುಡುಕುತ್ತಿದ್ದೇನೆ. ರಿಂಗ್ ರೋಡ್ ಆಚೆ ಹದಿನಾಲ್ಕು ಸಾವಿರಕ್ಕೆ ಒಂದಿದೆ, ಮೂರನೇ ಮಹಡಿ, ಲಿಫ್ಟಿಲ್ಲ. ಇನ್ನೊಬ್ಬರು ಫೋನ್ ಎತ್ತಿದ ತಕ್ಷಣ ಹಲೋ ಕೂಡ ಅನ್ನದೆ "ವೆಜ್ಜಾ ನಾನ್‌ವೆಜ್ಜಾ" ಅಂದರು. ರಿಂಗ್ ರೋಡ್ ಆಚೆಯಿಂದ ಸಂತೆಪೇಟೆಗೆ ಎರಡು ಬಸ್ಸು. ಹೆಂಡತಿಗಾದರೆ ಬಸ್ ಫ್ರೀ. ಅವಳನ್ನೇ ಲೆಕ್ಕ ಬರೆಯಲು ಕಳಿಸಿ ನಾನು ಮನೆಯಲ್ಲಿ ನೆಲ ಉಜ್ಜಬಹುದು. ವಿಧಾನ ಚೆನ್ನಾಗಿ ಗೊತ್ತಿದೆ, ಹೇಳಿಯೂ ಕೊಡುತ್ತೇನೆ. ಯಾರಿಗಾದರೂ ಹತ್ತು ಸಾವಿರದೊಳಗೆ ಮನೆ ಗೊತ್ತಿದ್ದರೆ ತಿಳಿಸಿ. ಮೇಲಿನ ಮಹಡಿ ಆದರೂ ನಡೆಯುತ್ತದೆ. ಇಲ್ಲ, ನಡೆಯಲ್ಲ, ಅಮ್ಮನ ಮಂಡಿ ನೋವು. ನೆಲ ಅಂತಸ್ತೇ ಬೇಕು.

ಇದನ್ನು ಬರೆಯುತ್ತಿರುವಾಗಲೇ ಓನರ್ ಮಗನ ಫೋನ್ ಬಂತು. ಅವರ ಪಾರ್ಟ್‌ನರ್ ಒಬ್ಬರು ನೋಡಬೇಕಂತೆ, ನಾಳೆ ಬರುತ್ತಾರಂತೆ, ಒಂದು ಗಂಟೆಗೆ. ಆಗಲಿ ಅಂದೆ.

ನಾಳೆ ಹನ್ನೆರಡಕ್ಕೇ ಊಟ ಮುಗಿಸಿಬಿಡೋಣ ಅಂದಳು ಇವಳು.