ಸತ್ಯಾಂಶ: ಹ್ಯೂಮೆನ್‌ನಲ್ಲಿ ಅಫೀಮನ್ನು ಸುಟ್ಟಿರಲಿಲ್ಲ

‘1839ರಲ್ಲಿ ಚೀನಾದ ಅಧಿಕಾರಿ ಲಿನ್ ಝೆಷು ಬ್ರಿಟಿಷರ ಅಫೀಮಿಗೆ ಬೆಂಕಿ ಇಟ್ಟ, ಅಂದೇ ಅಲ್ಲಿ ಮಾದಕ ವ್ಯಸನ ಮುಗಿಯಿತು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಜೊತೆಗೆ ಉರಿಯುವ ರಾಶಿಯ ಚಿತ್ರ ಬೇರೆ. ಎರಡೂ ಮಾತು ತಪ್ಪು.

ಬೆಂಕಿ ಹಚ್ಚಿದರೆ ಅಫೀಮು ಕರಗಿ ನೆಲಕ್ಕೆ ಇಳಿಯುತ್ತದೆ. ಆ ಮಣ್ಣನ್ನು ಅಗೆದು, ಕುದಿಸಿ, ಒಂದು ಪಾಲನ್ನು ಮರಳಿ ಪಡೆಯಬಹುದು. ಇದು ಲಿನ್‌ಗೆ ಗೊತ್ತಿತ್ತು. ಹಾಗಾಗಿ ದಕ್ಷಿಣ ಚೀನಾದ ಪರ್ಲ್ (ಮುತ್ತಿನ) ನದಿಯ ಮುಖದ ಹ್ಯೂಮೆನ್ ಬಳಿ ತಳಕ್ಕೆ ಕಲ್ಲು ಹಾಸಿ, ಬದಿಗೆ ಹಲಗೆ ಹೊಡೆದ ದೊಡ್ಡ ಹೊಂಡಗಳನ್ನು ತೋಡಿಸಿದ. ನೀರು ತುಂಬಿಸಿ, ಉಪ್ಪು ಸುರಿದು, ಅಫೀಮಿನ ಉಂಡೆಗಳನ್ನು ತುಂಡರಿಸಿ ನೆನೆಹಾಕಿದರು. ಮೇಲೆ ಸುಟ್ಟ ಸುಣ್ಣ ಬಿದ್ದೊಡನೆ ನೀರು ಕೊತಕೊತ ಕುದಿಯಿತು. ಆಳುಗಳು ಗುದ್ದಲಿಯಿಂದ ಕಲಕಿದರು. ಇಳಿತದ ಹೊತ್ತಿಗೆ ತೂಬು ತೆರೆದು ರಾಡಿಯನ್ನು ಸಮುದ್ರಕ್ಕೆ ಹರಿಯಬಿಟ್ಟರು. ಬೆಂಕಿಯ ಚಿತ್ರ ಹುಟ್ಟಿದ್ದು ಬಹುಶಃ ಆ ಹಬೆಯಿಂದಲೇ.

ಜೂನ್ 3ರಿಂದ ಸುಮಾರು ಮೂರು ವಾರ ಹಿಡಿದ ಕೆಲಸವಿದು. ಬ್ರಿಟಿಷರು ಒಪ್ಪಿಸಲು ಒಪ್ಪಿದ್ದು 20,283 ಪೆಟ್ಟಿಗೆ. ಒಟ್ಟು ಸಾವಿರ ಟನ್‌ಗೂ ಹೆಚ್ಚು. ಅದು ಬಂಗಾಳ ಮತ್ತು ಮಾಳ್ವದಲ್ಲಿ ತಯಾರಾದ ಮಾಲು, ಅಂದರೆ ನಮ್ಮ ನೆಲದ್ದೇ. ನೀರನ್ನು ಕೆಡಿಸುತ್ತಿರುವುದಕ್ಕೆ ಲಿನ್ ಸಮುದ್ರ ದೇವತೆಯ ಕ್ಷಮೆಯನ್ನೂ ಕೇಳಿದ್ದ.

ವ್ಯಸನ ಮಾತ್ರ ಮುಗಿಯಲಿಲ್ಲ. ಇದರ ಬೆನ್ನಲ್ಲೇ ಬ್ರಿಟನ್ ಜೊತೆ ನಡೆದ ಅಫೀಮು ಯುದ್ಧದಲ್ಲಿ ಚೀನಾ ಸೋತಿತು. 1858ರಲ್ಲಿ ಸುಂಕ ಕಟ್ಟಿ ಅಫೀಮು ತರುವುದು ಕಾನೂನುಬದ್ಧವೇ ಆಯಿತು. ಆಮೇಲೆ ಚೀನೀ ರೈತರೂ ಗಸಗಸೆ ಬೆಳೆದರು. ಪಿಡುಗು ನಿಜಕ್ಕೂ ಕುಸಿದದ್ದು 1949ರ ನಂತರದ ಕಠಿಣ ಕಾರ್ಯಾಚರಣೆಯಲ್ಲಿ.