ಐಸ್ ಮೇಲೆ ಮಗುವನ್ನು ನಿಲ್ಲಿಸುವ ಮುಂಚೆ

ನಿನ್ನೆ ಇಲ್ಲಿ ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ಮಿನ್ನೆವಾಂಕಾ ಕೆರೆಗೆ ಹೋಗಿದ್ದೆವು. ಮನೆಗೆ ಬಂದು ಒಂದು ರಾತ್ರಿ ಕಳೆದರೂ ಕೋಪ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಡಿಸೆಂಬರ್ ನಡುವಿನಲ್ಲಿ ಆ ಕೆರೆ ಹೇಗಿರುತ್ತದೆ ಅಂತ ಕ್ಯಾಲ್ಗರಿಯ ಗೆಳೆಯರಿಗೆ ಗೊತ್ತು. ದಡದ ಹತ್ತಿರ ಐಸ್. ಅದರಾಚೆ ಕಪ್ಪು ನೀರು, ನೀರಿನಿಂದ ಏಳುವ ಹಬೆ. ಎದುರಿಗೆ ಇಂಗ್ಲಿಸ್‌ಮಾಲ್ಡಿ ಬೆಟ್ಟ. ನಾನು ಬಂಡೆಯ ಮೇಲೆ ಕೂತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದೆ. ಹಿಂದಿನಿಂದ ಕನ್ನಡ ಕೇಳಿಸಿತು. ಇಷ್ಟು ದೂರದಲ್ಲಿ ಕನ್ನಡ ಕಿವಿಗೆ ಬಿದ್ದರೆ ನನಗೆಷ್ಟು ಖುಷಿ ಅಂತ ನೀವೆಲ್ಲ ಬಲ್ಲಿರಿ. ಆದರೆ ಕೇಳಿಸಿದ ಮಾತು ಇದು: "ಇನ್ನೂ ಸ್ವಲ್ಪ ಹಿಂದೆ ಹೋಗು ಪುಟ್ಟಾ, ಬೆಟ್ಟ ಪೂರ್ತಿ ಬರ್ತಿಲ್ಲ."

ಪುಟ್ಟನಿಗೆ ಆರು ವರ್ಷ ಇರಬಹುದು. ಐಸ್ ಮೇಲೆ ನಿಂತಿದ್ದ. ಅಪ್ಪ ದಡದಲ್ಲಿ ಫೋನ್ ಹಿಡಿದಿದ್ದರು. ಹುಡುಗ ಒಂದೊಂದೇ ಹೆಜ್ಜೆ ಹಿಂದೆ ಇಡುತ್ತಿದ್ದ. ಅವನ ಬೆನ್ನ ಹಿಂದೆ ಐಸ್ ಬಣ್ಣ ಬದಲಾಗುವುದು ನನಗೆ ಕಾಣುತ್ತಿತ್ತು. ಬಿಳಿ, ಆಮೇಲೆ ಬೂದು, ಆಮೇಲೆ ನೀರು.

ನಾನು ಕೂಗಿದೆ. ಕಾಫಿ ಚೆಲ್ಲಿತು. ಹುಡುಗ ಹೆದರಿ ಓಡಿ ಬಂದ. ಅಪ್ಪನಿಗೆ ಬೇಜಾರಾಯಿತು. "ಅಷ್ಟೊಂದು ಜನ ಓಡಾಡ್ತಿದ್ದಾರಲ್ಲ ಮೇಡಂ" ಅಂದರು.

ಆ ಒಂದು ಮಾತು ನನಗೆ ರಾತ್ರಿ ನಿದ್ದೆ ಕೊಡಲಿಲ್ಲ. ಜನ ಓಡಾಡುತ್ತಿದ್ದಾರೆ, ಸರಿ. ಅವರಲ್ಲಿ ಒಬ್ಬರಾದರೂ ಐಸ್ ಎಷ್ಟು ದಪ್ಪ ಇದೆ ಅಂತ ನೋಡಿದ್ದರಾ? ಒಬ್ಬರನ್ನು ನೋಡಿ ಇನ್ನೊಬ್ಬರು ಇಳಿದವರು ಅವರೆಲ್ಲ.

ನಾವು ನೀರು ಕಾಣದ ಊರಿನವರಲ್ಲ. ನಾನು ತುಂಗೆಯ ದಡದಲ್ಲಿ ಬೆಳೆದವಳು. ಹೊಸ ಜಾಗದಲ್ಲಿ ಹೊಳೆಗೆ ಇಳಿಯುವ ಮುಂಚೆ ಅಜ್ಜಿ ಆ ಊರಿನವರನ್ನು ಕೇಳುತ್ತಿದ್ದಳು. ಎಲ್ಲಿ ಗುಂಡಿ, ಎಲ್ಲಿ ಸುಳಿ, ಎಲ್ಲಿ ಪಾಚಿ. ಕೇಳಿಯೂ ಆಮೇಲೆ ಕೋಲು ಹಾಕಿ ನೋಡುತ್ತಿದ್ದಳು. ಅಂಥ ಮನೆಗಳಿಂದ ಬಂದ ನಾವು ಇಲ್ಲಿ ನೀರಿನ ಮೇಲೆ ಬಿಳಿ ಹೊದಿಕೆ ಬಿದ್ದ ಕೂಡಲೇ ಅದನ್ನು ನೆಲ ಅಂದುಕೊಂಡುಬಿಡುತ್ತೇವೆ. ಇದು ನನಗೆ ಅರ್ಥವೇ ಆಗುವುದಿಲ್ಲ.

ಮಿನ್ನೆವಾಂಕಾ ಸಾಮಾನ್ಯ ಕೆರೆ ಅಲ್ಲ. ಅದು ಅಣೆಕಟ್ಟಿನ ನೀರು. 1941ರಲ್ಲಿ ಕಟ್ಟಿದ ಅಣೆಕಟ್ಟು ಕೆರೆಯನ್ನು ಸುಮಾರು 30 ಮೀಟರ್ ಮೇಲೆತ್ತಿತು. ಮಿನ್ನೆವಾಂಕಾ ಲ್ಯಾಂಡಿಂಗ್ ಅನ್ನುವ ಪುಟ್ಟ ಊರೇ ಅದರಲ್ಲಿ ಮುಳುಗಿತು. ಲಿಂಗನಮಕ್ಕಿಯ ಹೆಸರು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆರೆ ಉದ್ದ, ಆಳವೂ ಜಾಸ್ತಿ, ಗಾಳಿಯೂ ಜಾಸ್ತಿ. ಅದಕ್ಕೇ ಹತ್ತಿರದ ಜಾನ್ಸನ್ ಕೆರೆ, ಟೂ ಜ್ಯಾಕ್ ಕೆರೆ ಹೆಪ್ಪುಗಟ್ಟಿ ಎಷ್ಟೋ ದಿನ ಆದ ಮೇಲೆ ಇದು ಹೆಪ್ಪುಗಟ್ಟುತ್ತದೆ. ಇನ್ನೊಂದು ಮಾತು. ಕರೆಂಟಿಗೆ ನೀರು ಬಿಟ್ಟಾಗ ಅಣೆಕಟ್ಟಿನ ಕೆರೆಯ ಮಟ್ಟ ಇಳಿಯುತ್ತದೆ. ಆಗ ಮೇಲಿನ ಐಸ್‌ಗೆ ಕೆಳಗೆ ಆಸರೆ ಇರುವುದಿಲ್ಲ. ಗುಳ್ಳೆಗಳ ಫೋಟೋಗೆ ಅಂತ ಎಲ್ಲರೂ ಓಡುವ ಏಬ್ರಹಾಂ ಕೆರೆಯದೂ ಇದೇ ಕಥೆ. ಅದೂ ಅಣೆಕಟ್ಟಿನದೇ. ಐಸ್ ಒಳಗೆ ಸಿಕ್ಕಿಕೊಂಡ ಮೀಥೇನ್ ಗುಳ್ಳೆ ಎಲ್ಲರಿಗೂ ಕಾಣುತ್ತದೆ. ಕೆಳಗಿನ ಟೊಳ್ಳು ಯಾರಿಗೂ ಕಾಣುವುದಿಲ್ಲ.

"ಪಾರ್ಕ್ಸ್ ಕೆನಡಾದವರು ನೋಡಿಕೊಳ್ಳಲ್ವಾ?" ಅಂತ ನನ್ನ ಗೆಳತಿಯೇ ಕೇಳಿದಳು. ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಅದು. ಇಲ್ಲ ಕಣೇ. ಈ ಕಾಡು ಕೆರೆಗಳ ಐಸ್ ಅಳೆದು ಹೇಳುವವರು ಯಾರೂ ಇಲ್ಲ. ಬೋರ್ಡಿನಲ್ಲಿ ಎಚ್ಚರಿಕೆ ಇರುತ್ತದೆ, ಅಷ್ಟೇ. ಇಳಿಯುವುದು ನಮ್ಮ ಹೊಣೆ.

ಅಳತೆ ಏನೂ ಗುಟ್ಟಲ್ಲ. ಒಬ್ಬರು ನಡೆಯಲು ಕನಿಷ್ಠ 15 ಸೆಂಟಿಮೀಟರ್ ದಪ್ಪ ಬೇಕು. ಗುಂಪಾಗಿ ಸ್ಕೇಟ್ ಮಾಡಲು 20. ಅದೂ ಗಟ್ಟಿಯಾದ, ನೀಲಿ ಛಾಯೆಯ ತಿಳಿ ಐಸ್ ಆಗಿದ್ದರೆ ಮಾತ್ರ. ಸ್ನೋ ಬೆರೆತ ಬಿಳಿ ಐಸ್‌ನ ಬಲ ಅದರ ಅರ್ಧ. ಬೂದು ಬಣ್ಣ ಕಂಡರೆ ಅಲ್ಲಿ ನೀರು ಸೇರಿದೆ ಅಂತ ಅರ್ಥ, ಕಾಲಿಡಬಾರದು. ಮೇಲೆ ಬಿದ್ದ ಸ್ನೋ ಕಂಬಳಿಯ ಹಾಗೆ. ಅದು ಐಸ್ ದಪ್ಪವಾಗಲು ಬಿಡುವುದಿಲ್ಲ, ಬಣ್ಣವನ್ನೂ ಮುಚ್ಚಿಬಿಡುತ್ತದೆ. ನಮ್ಮವರು ಹೆದರುವುದು ಐಸ್ ಗುಡುಗುವ ಸದ್ದಿಗೆ. ದಪ್ಪ ಐಸ್ ಕೂಡ ಚಳಿ ಏರಿಳಿದಾಗ ಗುಡುಗುತ್ತದೆ. ನನಗೆ ಭಯ ಸ್ನೋ ಮುಚ್ಚಿದ, ಸದ್ದೇ ಮಾಡದ ಜಾಗದ ಮೇಲೆ.

ಇಲ್ಲಿಯವರು ಐಸ್ ಮೇಲೆ ಇಳಿಯುವುದಿಲ್ವಾ ಅಂತ ಕೇಳುತ್ತೀರಿ. ಇಳಿಯುತ್ತಾರೆ. ಕಾಕ್ರೇನ್ ದಾಟಿದರೆ ಘೋಸ್ಟ್ ಕೆರೆಯ ಮೇಲೆ ಜನ ಮೀನು ಹಿಡಿಯುತ್ತಾ ಕೂತಿರುತ್ತಾರೆ. ಆದರೆ ಅವರ ಕೈಯಲ್ಲಿ ಏನಿರುತ್ತದೆ ನೋಡಿ. ಐಸ್ ಕೊರೆಯುವ ಬೈರಿಗೆ. ಕೊರೆದು, ಅಳೆದು, ಮುಂದೆ ಹೋಗಿ ಮತ್ತೆ ಕೊರೆಯುತ್ತಾರೆ. ಕೊರಳಲ್ಲಿ ಚೂಪಾದ ಮೊಳೆಯ ಹಿಡಿ ನೇತುಹಾಕಿಕೊಳ್ಳುತ್ತಾರೆ, ಬಿದ್ದರೆ ಐಸ್‌ಗೆ ಚುಚ್ಚಿ ಮೇಲೆ ಬರಲು. ನಮ್ಮ ಕೈಯಲ್ಲಿ ಫೋನ್ ಇರುತ್ತದೆ. ಈ ಹೋಲಿಕೆಯನ್ನು ದಯವಿಟ್ಟು ನನ್ನ ಮುಂದೆ ತರಬೇಡಿ.

ಈಗ ಒಂದು ವಿಷಯ ಹೇಳಬೇಕು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಇಲ್ಲಿಗೆ ಬಂದ ಮೊದಲ ಚಳಿಗಾಲ ನಾನೂ ಮಗಳನ್ನು ಎತ್ತಿಕೊಂಡು ಹೀಗೇ ಒಂದು ಕೆರೆಯ ಮೇಲೆ ನಡೆದಿದ್ದೆ. ಅವಳಿಗೆ ಆಗ ಎರಡು ವರ್ಷ. ಅವತ್ತು ಚಿನೂಕ್, ಅಂದರೆ ಬೆಟ್ಟದ ಕಡೆಯಿಂದ ಬರುವ ಬೆಚ್ಚನೆಯ ಗಾಳಿ ಬೀಸುತ್ತಿತ್ತು. ಬೆಳಿಗ್ಗೆ ಮೈನಸ್ ಹದಿನೈದು ಇದ್ದದ್ದು ಮಧ್ಯಾಹ್ನಕ್ಕೆ ಪ್ಲಸ್ ಆಗಿತ್ತು. ಜಾಕೆಟ್ ಬಿಚ್ಚಿ ನಡೆಯುವಷ್ಟು ಹಿತ. ನನ್ನ ಬಲಗಾಲು ಮೊಣಕಾಲವರೆಗೆ ಒಳಗೆ ಹೋಯಿತು. ದಡದ ಹತ್ತಿರವೇ ಇದ್ದೆ, ಕೆಳಗೆ ಕಲ್ಲು ಸಿಕ್ಕಿತು. ಹತ್ತು ಹೆಜ್ಜೆ ಮುಂದೆ ಹೋಗಿದ್ದರೆ ಕಲ್ಲು ಇರುತ್ತಿರಲಿಲ್ಲ. ಗಂಡನಿಗೂ "ಬೂಟಿಗೆ ನೀರು ಹೋಯ್ತು" ಅಂತ ಮಾತ್ರ ಹೇಳಿದ್ದೆ. ನಾವು ಹಿತವಾದ ದಿನ ನೋಡಿ ಹೊರಡುತ್ತೇವೆ. ಐಸ್‌ಗೆ ಅದೇ ಕೆಟ್ಟ ದಿನ.

ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗೋರ್ಡನ್ ಗೀಸ್‌ಬ್ರೆಕ್ಟ್ ಎಷ್ಟೋ ಸಲ ತಾವೇ ಹಿಮದ ನೀರಿಗೆ ಇಳಿದು ನೋಡಿದವರು. ಅವರು ಹೇಳುವ ಲೆಕ್ಕ 1-10-1. ಮೊದಲ 1 ನಿಮಿಷ ಉಸಿರು ಕೈಗೆ ಸಿಗುವುದಿಲ್ಲ, ಅದನ್ನು ಹಿಡಿತಕ್ಕೆ ತಂದುಕೊಳ್ಳಬೇಕು. ಆಮೇಲೆ ಸುಮಾರು 10 ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ. ಎಚ್ಚರ ತಪ್ಪಲು ಸುಮಾರು 1 ಗಂಟೆ. ಬಿದ್ದರೆ ಬಂದ ದಿಕ್ಕಿಗೇ ತಿರುಗಬೇಕು, ಯಾಕೆಂದರೆ ಆ ಕಡೆಯ ಐಸ್ ನಿಮ್ಮನ್ನು ಅಲ್ಲಿಯವರೆಗೆ ಹೊತ್ತಿತ್ತು. ಕಾಲು ಬಡಿಯುತ್ತಾ ಹೊಟ್ಟೆಯ ಮೇಲೆ ಮೇಲೇರಿ, ಎದ್ದು ನಿಲ್ಲದೆ ಉರುಳುತ್ತಾ ದೂರ ಬರಬೇಕು. ಆದರೆ ಇದು ದೊಡ್ಡವರ ಲೆಕ್ಕ. ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ. ಆರು ವರ್ಷದ ಹುಡುಗನಿಗೆ ಬಂದ ದಿಕ್ಕು ಯಾವುದು ಅಂತ ಹೇಳುವವರು ಯಾರು?

"ಹಾಗಾದರೆ ಆರು ತಿಂಗಳು ಮನೆಯಲ್ಲಿ ಕೂರಬೇಕಾ?" ಬೇಡವೇ ಬೇಡ. ನನ್ನಷ್ಟು ಹೊರಗೆ ತಿರುಗುವವರು ನಮ್ಮ ಗುಂಪಿನಲ್ಲಿ ಯಾರಿದ್ದಾರೆ? ಜಾನ್‌ಸ್ಟನ್ ಕ್ಯಾನ್ಯನ್‌ಗೆ ಹೋಗಿ. ಬೂಟಿಗೆ ಮುಳ್ಳಿನ ಪಟ್ಟಿ ಹಾಕಿಕೊಂಡು ಕಟಕಟೆಯ ಒಳಗೇ ನಡೆದರೆ ಹೆಪ್ಪುಗಟ್ಟಿದ ಜಲಪಾತ ಕಣ್ಣಿನ ಮುಂದೆಯೇ ನಿಂತಿರುತ್ತದೆ. ಮೊದಲ ಸಲ ನೋಡಿದಾಗ ಜೋಗ ಹೀಗೆ ನಿಂತುಬಿಟ್ಟರೆ ಅಂತ ಅಂದುಕೊಂಡು ನನಗೆ ಮೈ ಜುಮ್ಮೆಂದಿತ್ತು. ಜನವರಿಯಲ್ಲಿ ಲೇಕ್ ಲೂಯಿಸ್‌ನಲ್ಲಿ ಐಸ್ ಕೆತ್ತುವವರು ಬರುತ್ತಾರೆ. ಹೋಟೆಲಿನ ಮುಂದೆ ಸ್ಕೇಟ್ ಮಾಡಲು ಸಿದ್ಧಮಾಡಿದ ಜಾಗವಿದೆ, ಅಲ್ಲಿ ಆಡಿ. ಕೆರೆಯ ಆಚೆ ತುದಿಗೆ ಮಾತ್ರ ಸುಮ್ನೆ ನಡೆದುಕೊಂಡು ಹೋಗಬೇಡಿ. ಅಲ್ಲಿ ಬೆಟ್ಟದಿಂದ ಹಿಮ ಕುಸಿಯುವ ದಾರಿಗಳಿವೆ.

ಅಷ್ಟು ದೂರವೂ ಬೇಡ ಅನ್ನುವವರಿಗೆ ಊರಿನೊಳಗೇ ಬೌನೆಸ್ ಪಾರ್ಕ್ ಇದೆ. ಅಲ್ಲಿಯ ಐಸ್ ನಗರಸಭೆಯವರು ಅಳೆಯುತ್ತಾರೆ, ಇಳಿಯಬಹುದಾ ಬೇಡವಾ ಅಂತ ಬೋರ್ಡ್ ಹಾಕುತ್ತಾರೆ. ದಡದಲ್ಲಿ ಬೆಂಕಿ ಕಾಯಿಸಿಕೊಳ್ಳುವ ಗುಂಡಿಗಳಿವೆ. ಬೆಟ್ಟ ಇಲ್ಲ, ನಿಜ.

ನಿನ್ನೆಯ ಆ ಅಪ್ಪ ನಮ್ಮ ಗೆಳೆಯರ ಗೆಳೆಯರೇ ಇರಬೇಕು. ಇಲ್ಲಿ ಕನ್ನಡದವರೆಲ್ಲ ಎರಡು ಮನೆ ದಾಟಿದರೆ ಪರಿಚಯವೇ. ಇದನ್ನು ಓದುತ್ತಿದ್ದರೆ ಕೇಳಿ. ಮಗುವಿನ ಮುಂದೆ ಆ ದನಿಯಲ್ಲಿ ಕೂಗಬಾರದಿತ್ತು, ಅದಕ್ಕೆ ಕ್ಷಮಿಸಿ. ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಈ ಶನಿವಾರ ಬೋರ್ಡ್ ಹಸಿರಾಗಿದ್ದರೆ ನಾವು ಬೌನೆಸ್‌ನಲ್ಲಿ ಇರುತ್ತೇವೆ. ಕಷಾಯ, ಚಕ್ಕುಲಿ ತರುತ್ತೇನೆ. ಪುಟ್ಟನ ಕಾಲಿನ ಅಳತೆ ಮೆಸೇಜ್ ಮಾಡಿ. ನನ್ನ ಮಗಳ ಹಳೆಯ ಸ್ಕೇಟ್ ಮೂರು ಜೊತೆ ಮನೆಯಲ್ಲಿವೆ.